ನಿಮ್ಮಮ್ಮನ ಕಿವಿ ಒಮ್ಮೆ ತೋರಿಸು

ಅಕ್ಕಾ ಎಂದು ಕರೆದು ಬರೆದಿದ್ದೀರಿ. ಹಾಗಾಗಿ ನಾನೂ ತಂಗಿ ಅಂದುಕೊಂಡು ನೀನು ಎಂದೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ಬಹಳ ವಿಷಯ ಕೇಳಿದ್ದೀಯ. ಬಾಡಿಗೆ ಮನೆ, ಚಳಿ, ಒಂಟಿತನ, ಡೇ ಕೇರ್, ಅಮ್ಮನನ್ನು ಕರೆಸಿಕೊಳ್ಳುವುದು. ಇವೆಲ್ಲದರ ನಡುವೆ ಮಗಳ ವಿಷಯ ಎರಡೇ ಸಾಲಿನಲ್ಲಿ ಬರೆದಿದ್ದೀಯ. ಎರಡೂವರೆ ವರ್ಷದ ಮಗು. ಹುಟ್ಟಿದಾಗಿನಿಂದ ಅಜ್ಜಿಯ ಮಡಿಲಲ್ಲೇ ಬೆಳೆದವಳು. ಪರದೇಶಕ್ಕೆ ಬಂದು ಕೆಲವು ತಿಂಗಳಾದವು. ಈಗ ಫೋನಿನಲ್ಲಿ ಅಜ್ಜಿಯ ಮುಖ ಕಂಡರೆ ಎದ್ದು ಓಡುತ್ತಾಳೆ. ಆ ಕಡೆ ಅಜ್ಜಿ "ನನ್ನನ್ನ ಮರೆತೇಬಿಟ್ಟಳು ಕಣೇ" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. "ಮಗು ನಿಜಕ್ಕೂ ಮರೆಯುತ್ತಾಳಾ ಅಕ್ಕಾ? ನಾವು ಬಂದದ್ದೇ ತಪ್ಪಾಯಿತಾ?" ಎಂದು ಕೇಳಿದ್ದೀಯ. ನೀನು ಬರೆದದ್ದೇ ಇದನ್ನು ಕೇಳಲು ಅನ್ನಿಸಿತು. ಬಾಡಿಗೆ, ಚಳಿ ಎಲ್ಲ ನೆಪ.

ಆ ನೆಪಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಬಾಡಿಗೆ ಕರಾರನ್ನು ಪೂರ್ತಿ ಓದದೆ ಸಹಿ ಹಾಕಬೇಡ, ಮಾಲೀಕರು ಎಷ್ಟೇ ಒಳ್ಳೆಯವರಾಗಿ ಕಂಡರೂ. ಚಳಿ ಅಭ್ಯಾಸವಾಗುತ್ತದೆ. ಬೇಗ ಕವಿಯುವ ಕತ್ತಲು ಅಭ್ಯಾಸವಾಗಲು ಇನ್ನೂ ಜಾಸ್ತಿ ದಿನ ಬೇಕು. ಒಂಟಿತನಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದನ್ನು ನೆನೆಯಲು ಪುರುಸೊತ್ತಿರುವುದಿಲ್ಲ, ಅಷ್ಟೇ. ಡೇ ಕೇರಿಗೆ ಈಗಲೇ ಹೆಸರು ಬರೆಸು, ಸರದಿ ಉದ್ದ ಇರುತ್ತದೆ. ಬಂದದ್ದು ತಪ್ಪಾ ಎಂದರೆ ಏನು ಹೇಳಲಿ? ಇಷ್ಟು ವರ್ಷ ಇಲ್ಲಿ ದುಡಿದು, ಮನೆ ಮಾಡಿ, ಮಗನನ್ನು ಓದಿಸಿದವಳು ನಾನು. ತಪ್ಪು ಅಂದರೆ ನೀನು ನಂಬುವುದಿಲ್ಲ. ಸರಿ ಅಂದರೆ ಕೆಲವು ದಿನ ನಾನೇ ನಂಬುವುದಿಲ್ಲ.

ಈಗ ಮಗುವಿನ ವಿಷಯಕ್ಕೆ ಬರುತ್ತೇನೆ.

ಅವಳು ಮರೆತಿಲ್ಲ. ಆ ವಯಸ್ಸಿನ ಮಗು ತನ್ನನ್ನು ಸಾಕಿದವರನ್ನು ಕೆಲವೇ ತಿಂಗಳಲ್ಲಿ ಮರೆಯುವುದಿಲ್ಲ. ನನ್ನನ್ನು ಕೇಳಿದರೆ, ಮರೆತಿದ್ದರೆ ಅವಳು ಓಡುತ್ತಲೇ ಇರಲಿಲ್ಲ. ಯಾರೋ ಏನೋ ಎಂದು ಸುಮ್ನೆ ನೋಡಿ, ಫೋನಿನ ಬಟನ್ ಒತ್ತಿ ಆಡುತ್ತಿದ್ದಳು. ಅವಳ ಕಡೆಯಿಂದ ಯೋಚಿಸಿ ನೋಡು. ಅಜ್ಜಿ ಕಾಣುತ್ತಾರೆ, ಎತ್ತಿಕೊಳ್ಳುವುದಿಲ್ಲ. ಬಾ ಬಾ ಎಂದು ಕರೆಯುತ್ತಾರೆ, ಹೋಗಲು ದಾರಿ ಇಲ್ಲ. ಅಜ್ಜಿಯ ಕೈ ಇಲ್ಲ, ಸೀರೆಯ ವಾಸನೆ ಇಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಅಳಲು ಶುರು ಮಾಡುತ್ತಾರೆ. ಪಕ್ಕದಲ್ಲಿ ನಿನ್ನ ಮುಖವೂ ಸಣ್ಣದಾಗುತ್ತದೆ. ಅಷ್ಟೆಲ್ಲ ತಡೆದುಕೊಂಡು ಅಲ್ಲಿ ಕೂರಲು ಅವಳಿಗೇನು ಐವತ್ತು ವರ್ಷವಾ?

ಇದನ್ನು ನಿಮ್ಮಮ್ಮನಿಗೆ ಹೇಳು. ಅಳು ಬಂದರೆ ಅಳಲಿ, ಕರೆ ಮುಗಿದ ಮೇಲೆ. ಕಠಿಣ ಮಾತು, ಗೊತ್ತು.

ಫೋನಿನಲ್ಲಿ ಸಂಬಂಧ ಬೆಳೆಯುತ್ತದಾ ಎಂಬ ಅನುಮಾನವೂ ನಿನಗಿದೆ. ಬೆಳೆಯುತ್ತದೆ. ನಾನು ಹೇಳುವುದಷ್ಟೇ ಅಲ್ಲ, ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24ರಿಂದ 30 ತಿಂಗಳ ಮಕ್ಕಳಿಗೆ ಹೊಸ ಪದ ಕಲಿಸಿದರು. ಕೆಲವರಿಗೆ ಎದುರು ಕೂತು, ಕೆಲವರಿಗೆ ವಿಡಿಯೊ ಕಾಲಿನಲ್ಲಿ, ಇನ್ನು ಕೆಲವರಿಗೆ ಮೊದಲೇ ಚಿತ್ರೀಕರಿಸಿದ ವಿಡಿಯೊದಲ್ಲಿ. ಎದುರು ಕೂತವರೂ ಕಲಿತರು, ವಿಡಿಯೊ ಕಾಲಿನವರೂ ಕಲಿತರು. ಚಿತ್ರೀಕರಿಸಿದ ವಿಡಿಯೊ ನೋಡಿದವರು ಕಲಿಯಲಿಲ್ಲ. 2017ರಲ್ಲಿ ಇನ್ನೂ ಚಿಕ್ಕ ಮಕ್ಕಳ ಮೇಲೆ ಇಂಥದೇ ಅಧ್ಯಯನ ನಡೆಯಿತು, ಒಂದು ವರ್ಷದಿಂದ ಎರಡು ವರ್ಷದ ಆಸುಪಾಸಿನವರು. ಒಂದು ವಾರ ನೇರ ವಿಡಿಯೊ ಕಾಲಿನಲ್ಲಿ ಆಟವಾಡಿದ ಮಕ್ಕಳು ಆ ವ್ಯಕ್ತಿಯನ್ನು ಆಮೇಲೆ ಎದುರಿಗೆ ಕಂಡಾಗ ಗುರುತು ಹಿಡಿದರು. ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಬೇಡಿ ಎಂದು 2016ರಲ್ಲಿ ಹೇಳಿದ ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ ವಿಡಿಯೊ ಕಾಲಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು.

ವ್ಯತ್ಯಾಸ ಎಲ್ಲಿದೆ ನೋಡು. ಮಗು ಒಂದು ಮಾತು ಹೇಳಿದರೆ ಆ ಕಡೆಯಿಂದ ಅದಕ್ಕೆ ಸರಿಯಾದ ಉತ್ತರ ಬರಬೇಕು, ತಡವಿಲ್ಲದೆ. ಮಗು ಬಾಗಿದರೆ ಅಜ್ಜಿಯೂ ಬಾಗಬೇಕು. ಮುಖ ಕಾಣುವುದಷ್ಟೇ ಸಾಕಾಗಿದ್ದರೆ ಚಿತ್ರೀಕರಿಸಿದ ವಿಡಿಯೊವೂ ಕೆಲಸ ಮಾಡುತ್ತಿತ್ತಲ್ಲ.

ಇದು ನಮ್ಮ ಮನೆಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ನಮ್ಮ ಅಪ್ಪನ ವಿಷಯ ಹೇಳುತ್ತೇನೆ. ಉದ್ದವಾಗುತ್ತದೆ, ಪರವಾಗಿಲ್ಲ, ಓದು.

ನಾವು ಬಂದಾಗ ಮುಖ ನೋಡಿ ಮಾತಾಡುವ ಸೌಕರ್ಯ ಇರಲಿಲ್ಲ. ಫೋನ್ ಕಾರ್ಡ್ ಇತ್ತು. ನಾಣ್ಯದಿಂದ ಕೆರೆದರೆ ಒಂದು ಉದ್ದ ನಂಬರ್ ಕಾಣುತ್ತಿತ್ತು. ಅದನ್ನು ಒತ್ತಿ, ಆಮೇಲೆ ಊರಿನ ನಂಬರ್ ಒತ್ತಿ, ಗೊರಗೊರ ಸದ್ದಿನ ನಡುವೆ ಕೂಗಿ ಮಾತಾಡಬೇಕಿತ್ತು. ಕಾರ್ಡ್ ಖಾಲಿಯಾಗುವ ಮೊದಲು ಒಬ್ಬಳು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಡುತ್ತಿತ್ತು. ಆ ದನಿಯನ್ನು ಕಂಡರೆ ನಮ್ಮಮ್ಮನಿಗೆ ಆಗುತ್ತಿರಲಿಲ್ಲ. "ಅವಳು ಬಂದ್ಲು, ಇಡು" ಅನ್ನುತ್ತಿದ್ದಳು.

ಮಗನಿಗೆ ಆಗ ಸುಮಾರು ನಿನ್ನ ಮಗಳ ವಯಸ್ಸು. ತಾತ ಅಂದರೆ ಪ್ರಾಣ. ಆದರೆ ರಿಸೀವರನ್ನು ಕಿವಿಗೆ ಹಿಡಿದರೆ ಮಾತೇ ಆಡುತ್ತಿರಲಿಲ್ಲ. ಸುಮ್ನೆ ತಲೆ ಆಡಿಸುತ್ತಿದ್ದ. ಅಪ್ಪ ಆ ಕಡೆಯಿಂದ "ತಲೆ ಆಡಿಸ್ತಿದ್ದಾನಾ?" ಎಂದು ಕೇಳುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ. ಆಮೇಲೆ ಅಪ್ಪ ಅವನಿಗೊಂದು ಕತೆ ಶುರು ಮಾಡಿದರು. ಒಂದು ಇರುವೆ ಬೆಟ್ಟ ಹತ್ತುವ ಕತೆ. ಪ್ರತಿ ಸಲ ಇರುವೆ ಇನ್ನೊಂದು ಚೂರು ಮೇಲೆ ಹೋಗುತ್ತಿತ್ತು. ದಾರಿಯಲ್ಲಿ ಒಂದು ಎಲೆ, ಒಂದು ಹನಿ ನೀರು, ಒಬ್ಬ ಗಡವ ಕಪ್ಪೆ. ಕಾರ್ಡಿನ ದುಡ್ಡು ಮುಗಿದಾಗ ಇರುವೆ ಎಲ್ಲಿತ್ತೋ ಅಲ್ಲೇ ಮಲಗಿಬಿಡುತ್ತಿತ್ತು. ಮುಂದಿನ ವಾರ ಫೋನ್ ಹಚ್ಚಿದ ಕೂಡಲೇ ಮಗನ ಮೊದಲ ಮಾತು "ಎದ್ದಿತಾ?" ಎಂಬುದೇ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ನಾವಿಬ್ಬರೂ ಆ ಕತೆಯೊಳಗೆ ಇರಲೇ ಇಲ್ಲ. ಅದು ಅವರಿಬ್ಬರದು.

ಆಮೇಲೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವ ಕಾಲ ಬಂತು. ಅಪ್ಪನ ಮನೆಗೂ ಒಂದು ಕಂಪ್ಯೂಟರ್ ತರಿಸಿದೆವು. ಎಲ್ಲರಿಗೂ ಹಿಗ್ಗು. ವಿಚಿತ್ರವೆಂದರೆ ಅಪ್ಪನ ಮಾತು ಕಡಿಮೆಯಾದದ್ದು ಆಮೇಲೆಯೇ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂರುತ್ತಿದ್ದರು. ಮೊಮ್ಮಗ ಏನೋ ಹೇಳಿದರೆ ನಗುತ್ತಿದ್ದರು. ಪ್ರಶ್ನೆ ಕೇಳಿದರೂ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ "ಆಯ್ತು ಮಗಾ, ನೋಡಿದೆನಲ್ಲ, ಸಾಕು" ಎಂದು ಎದ್ದು ಅಮ್ಮನಿಗೆ ಜಾಗ ಬಿಡುತ್ತಿದ್ದರು. ಅಪ್ಪ ಮೊದಲೇ ಮಾತು ಕಡಿಮೆ, ವಯಸ್ಸೂ ಆಯಿತು, ಮುಖ ನೋಡಿದರೆ ಅವರಿಗೆ ತೃಪ್ತಿ ಎಂದೇ ಮನೆಯವರೆಲ್ಲ ತಿಳಿದರು. ನಮ್ಮಣ್ಣ ಅವರ ಜೊತೆಯಲ್ಲೇ ಇದ್ದವನು, ಅವನಿಗೂ ಬೇರೇನೂ ಅನ್ನಿಸಲಿಲ್ಲ.

ಮಗ ಮಾತ್ರ ಬೇರೆ ಥರ ಅರ್ಥ ಮಾಡಿಕೊಂಡ. ಏಳೆಂಟು ವರ್ಷದವನಿದ್ದಾಗ ಒಮ್ಮೆ "ತಾತನಿಗೆ ನನ್ ಜೊತೆ ಮಾತಾಡೋದು ಇಷ್ಟ ಇಲ್ಲ" ಎಂದ. ದೂರಿನ ದನಿಯಲ್ಲಲ್ಲ. ನಾಳೆ ಸೋಮವಾರ ಎಂದು ಹೇಳುವ ದನಿಯಲ್ಲಿ. ಆಮೇಲೆ ತಾತ ಪರದೆಗೆ ಬಂದರೆ ಕೈ ಬೀಸಿ ಆಡಲು ಹೋಗುತ್ತಿದ್ದ. ಇರುವೆ ಬೆಟ್ಟದಲ್ಲಿ ಎಲ್ಲಿ ನಿಂತಿತೋ ಯಾರಿಗೂ ನೆನಪಿಲ್ಲ.

ಊರಿಗೆ ಹೋಗುವುದೂ ಮುಂದಕ್ಕೆ ಹೋಗುತ್ತಲೇ ಇತ್ತು. ಕಾಗದಪತ್ರ, ರಜೆ, ಟಿಕೆಟ್ಟು. ನಿನಗೂ ಗೊತ್ತಾಗುತ್ತದೆ. ಹೋದಾಗಲೂ ಮನೆ ತುಂಬ ಜನ, ಗದ್ದಲ. ಗದ್ದಲದಲ್ಲಿ ಅಪ್ಪ ಇನ್ನೂ ಮೌನ. ಮಗ ಸೋದರಮಾವನ ಮಕ್ಕಳ ಹಿಂದೆ ಓಡಿಹೋಗುತ್ತಿದ್ದ.

ಅವನ ಗಂಟಲು ಒಡೆದ ವರ್ಷ ಇದ್ದಕ್ಕಿದ್ದಂತೆ ಎಲ್ಲ ಬದಲಾಯಿತು. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಮಗ ಪಕ್ಕದಲ್ಲಿ ಹಾದು ಹೋಗುವಾಗ ಹೊಸದಾಗಿ ಬಂದಿದ್ದ ಆ ದಪ್ಪ ದನಿಯಲ್ಲಿ "ಅಮ್ಮಾ, ಸೈಕಲ್ ಪಂಕ್ಚರ್ ಆಗಿದೆ" ಎಂದ. ಅಪ್ಪ ತಟ್ಟನೆ ಮುಂದೆ ಬಾಗಿ "ಹಿಂದಿನ ಚಕ್ರವೋ ಮುಂದಿನದೋ?" ಎಂದು ಕೇಳಿದರು. ಅವನು ನಿಂತ. ಹಿಂದಿನದು ಎಂದ. ಅದಕ್ಕೂ ಉತ್ತರ ಬಂತು. ಟ್ಯೂಬ್ ಹೇಗೆ ಬಿಚ್ಚಬೇಕು, ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡಬೇಕು, ಎಲ್ಲ ಹೇಳಿದರು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ನಾನು ಕುರ್ಚಿ ಬಿಟ್ಟುಕೊಟ್ಟೆ. ಕಡೆಯಲ್ಲಿ ಅಪ್ಪ ನನ್ನನ್ನು ಕರೆದು ಸಂತೋಷದಿಂದ ಹೇಳಿದರು: "ಹುಡುಗ ಈಗ ಬಿಡಿಸಿ ಮಾತಾಡೋದು ಕಲಿತಿದ್ದಾನೆ."

ಬಿಡಿಸಿ ಮಾತಾಡಲು ಅವನು ಎಷ್ಟೋ ವರ್ಷ ಹಿಂದೆ ಕಲಿತಿದ್ದ. ತಾತನಿಗೆ ಕೇಳುವಂಥ ದನಿ ಈಗ ಬಂದಿತ್ತು.

ಅಣ್ಣ ಅಪ್ಪನನ್ನು ಬಲವಂತವಾಗಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಒಂದು ಕಿವಿ ಬಹಳ ಮಂದವಾಗಿತ್ತು. ಇನ್ನೊಂದು ಪರವಾಗಿಲ್ಲ ಅನ್ನುವಷ್ಟು. ಆಗ ಹಳೆಯದೆಲ್ಲ ಅರ್ಥವಾಯಿತು. ಹಳೆಯ ಫೋನಿನಲ್ಲಿ ಅಪ್ಪ ಯಾವಾಗಲೂ ರಿಸೀವರನ್ನು ಒಂದೇ ಕಿವಿಗೆ ಒತ್ತಿ ಹಿಡಿಯುತ್ತಿದ್ದರು. ಅದು ಒಳ್ಳೆಯ ಕಿವಿ. ಕಂಪ್ಯೂಟರ್ ಬಂದ ಮೇಲೆ ಸದ್ದು ಮೇಜಿನ ಮೇಲಿನ ಸಣ್ಣ ಸ್ಪೀಕರಿನಿಂದ, ಮಾರು ದೂರದಿಂದ, ಫ್ಯಾನಿನ ಗಾಳಿಯ ನಡುವೆ ಬರುತ್ತಿತ್ತು.

ಡಾಕ್ಟರು ಅಣ್ಣನಿಗೆ ತಿಳಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ವಯಸ್ಸಾದಾಗ ಕಿವಿ ಎಲ್ಲ ಸದ್ದನ್ನೂ ಒಂದೇ ಸಮನೆ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ಎತ್ತರದ, ತೆಳ್ಳಗಿನ ಸದ್ದುಗಳು, ಅಂದರೆ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುವವು. ಗಂಡಸಿನ ದನಿ ಸೆಕೆಂಡಿಗೆ ಸುಮಾರು 120 ಸಲ ಕಂಪಿಸುತ್ತದೆ. ಹೆಂಗಸಿನದು 200ರ ಆಸುಪಾಸು. ಚಿಕ್ಕ ಮಕ್ಕಳದು 300ರ ಹತ್ತಿರ. ಇನ್ನು ಸ, ಶ, ಚ ಥರದ ಅಕ್ಷರಗಳ ಸದ್ದು ಬಹುಮಟ್ಟಿಗೆ ಸೆಕೆಂಡಿಗೆ ಎರಡು ಸಾವಿರಕ್ಕಿಂತ ಮೇಲಿನ ಕಂಪನದಲ್ಲಿರುತ್ತದೆ. ಮಕ್ಕಳ ಬಾಯಲ್ಲಿ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಆ ಭಾಗವೇ ಸವೆದ ಕಿವಿಗೆ ಮಗುವಿನ ದನಿ ಬಂದು ತಲುಪುತ್ತದೆ, ಮಾತು ತಲುಪುವುದಿಲ್ಲ. ಅದಕ್ಕೇ "ಕೇಳಿಸ್ತಿದೆಯಾ?" ಎಂದರೆ "ಕೇಳಿಸ್ತಿದೆ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ನಮ್ಮ ನಿಮ್ಮ ಮಾತು ಚೆನ್ನಾಗಿಯೇ ತಿಳಿಯುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ತೊಂದರೆ ಕೊಡುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಮುಚ್ಚಿಟ್ಟವರು ಅಪ್ಪನೇ. ಮೊಮ್ಮಗನ ಮುಂದೆ "ಏನು? ಏನು?" ಎಂದು ಮೂರು ಸಲ ಕೇಳಲು ಅವರಿಗೆ ಸಂಕೋಚ. ಅಷ್ಟು ದೂರದಿಂದ ಬಂದ ಕರೆಯನ್ನು ತನ್ನ ಕಿವಿ ಹಾಳು ಮಾಡಬಾರದು ಎಂಬ ಯೋಚನೆ ಬೇರೆ. ಅದಕ್ಕೇ ನಗು. ಆ ನಗುವನ್ನು ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ನನಗೆ.

ಕಿವಿ ಮಿಷನ್ ಹಾಕಿಸಿಕೊಂಡರು. ಕೊನೆಯ ಕೆಲವು ವರ್ಷ ಇಬ್ಬರೂ ಚೆನ್ನಾಗಿಯೇ ಮಾತಾಡಿದರು. ಆದರೆ ಮೀಸೆ ಬಂದ ಹುಡುಗ ಮತ್ತು ಮುದುಕರು ಆಡುವ ಮಾತು ಅದು. ಸೈಕಲ್ಲು, ಓದು, ಸರ್ಕಾರ. ಆರು ವರ್ಷದ ಹುಡುಗ ಕೇಳುವ "ಚಂದ್ರ ಯಾಕೆ ನಮ್ ಹಿಂದೆ ಬರ್ತಾನೆ ತಾತಾ" ಎಂಬ ಮಾತಿನ ವಯಸ್ಸು ಕಳೆದು ಹೋಗಿತ್ತು. ಅದನ್ನೆಲ್ಲ ಅವನು ಕೇಳಿದ್ದ. ಅಪ್ಪ ಅದಕ್ಕೆಲ್ಲ ನಕ್ಕಿದ್ದರು.

ಅದಕ್ಕೇ ಹೇಳುವುದು, ನಿನ್ನ ಮಗಳಿಗೆ ಕರೆಯ ಅಭ್ಯಾಸ ಮಾಡಿಸುವ ಮೊದಲು ನಿಮ್ಮಮ್ಮನ ಕಿವಿ ತೋರಿಸು. ಅಕ್ಕಪಕ್ಕದವರ ಜೊತೆ ಚೆನ್ನಾಗಿ ಮಾತಾಡುತ್ತಾರೆ ಎಂದು ಬಿಡಬೇಡ. ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆಸಿದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಒಂದು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಸದ್ದು ಕೇಳಿಸಿ, ಕೇಳಿದಾಗ ಬಟನ್ ಒತ್ತಿ ಅನ್ನುತ್ತಾರೆ. ನೋವಿಲ್ಲ, ಸೂಜಿ ಇಲ್ಲ. "ನಿನಗೆ ಕಿವಿ ಕೇಳಲ್ಲ" ಎಂದರೆ ನಿಮ್ಮಮ್ಮ ಖಂಡಿತ ಹೋಗುವುದಿಲ್ಲ. "ಮಗುವಿನ ದನಿ ತೆಳ್ಳಗಿದೆ, ಫೋನಿನಲ್ಲಿ ಸರಿಯಾಗಿ ಬರುತ್ತಿಲ್ಲ, ಅದಕ್ಕೆ" ಎಂದು ಹೇಳು. ಇದೂ ನಿಜವೇ ತಾನೇ.

ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೂ ಅವರಿಗೆ ಒಂದು ಇಯರ್‌ಫೋನ್ ಕೊಡಿಸು. ಪೂರ್ತಿ ಕಿವಿ ಮುಚ್ಚುವ ಹೆಡ್‌ಫೋನ್ ಆದರೆ ಇನ್ನೂ ಒಳ್ಳೆಯದು. ಕರೆಯ ಹೊತ್ತಿನಲ್ಲಿ ಟೀವಿ, ಫ್ಯಾನು ಆರಿಸಲಿ. ಫೋನನ್ನು ಕೈಯಲ್ಲಿ ಹಿಡಿಯುವುದು ಬೇಡ, ಕೈ ಸೋತು ಸೂರು ಮಾತ್ರ ಕಾಣುತ್ತದೆ. ಮುಖದ ಎತ್ತರಕ್ಕೆ ಏನಕ್ಕಾದರೂ ಒರಗಿಸಿ ಇಡಲಿ. ನಿನ್ನ ಕಡೆ ಮಗು ಕಿಟಕಿಗೆ ಬೆನ್ನು ಹಾಕಿ ಕೂರದ ಹಾಗೆ ನೋಡಿಕೋ. ಬೆಳಕು ಮುಖದ ಮೇಲೆ ಬಿದ್ದರೆ ತುಟಿ ಕಾಣುತ್ತದೆ. ಮಂದ ಕಿವಿಯವರು ತಮಗೇ ಗೊತ್ತಿಲ್ಲದೆ ತುಟಿ ಓದುತ್ತಿರುತ್ತಾರೆ.

ಇನ್ನೊಂದು ಉಪದ್ರವ ಇದೆ. ಮಾತು ಹೋಗಿ ತಲುಪಲು ಹಿಡಿಯುವ ಸಮಯ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 150 ಭಾಗದೊಳಗೆ ತಲುಪಿದರೆ ಮಾತು ಸಲೀಸು ಎಂದು ದೂರಸಂಪರ್ಕದ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕ. 400 ದಾಟಿದರೆ ಒಪ್ಪುವ ಹಾಗಿಲ್ಲವಂತೆ. ತಡವಾದರೆ ಏನಾಗುತ್ತದೆ? ಮಗು ಹೇಳಿ ಮುಗಿಸಿ, ಉತ್ತರ ಬರಲಿಲ್ಲ ಎಂದು ಇನ್ನೊಂದು ಹೇಳುತ್ತದೆ. ಅಷ್ಟರಲ್ಲಿ ಅಜ್ಜಿಯ ಮೊದಲ ಉತ್ತರ ಬರುತ್ತದೆ. ಎರಡೂ ಡಿಕ್ಕಿ. ದೊಡ್ಡವರು ಹೇಗೋ ಹೊಂದಿಕೊಳ್ಳುತ್ತಾರೆ. ಮಗು ಎದ್ದು ಹೋಗುತ್ತದೆ. ಹಾಗಾದಾಗ ವಿಡಿಯೊ ನಿಲ್ಲಿಸಿ ಬರೀ ಮಾತಿನ ಕರೆ ಮಾಡು. ಮುಖ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಮುಖವಿಲ್ಲದ ಕಾಲವೇ ಚೆನ್ನಾಗಿತ್ತು ಎಂದು ಹೇಳಿದೆನಲ್ಲ.

ಮಗುವನ್ನು ಮಡಿಲಲ್ಲಿ ಒತ್ತಿ ಹಿಡಿದು "ಅಜ್ಜಿಗೆ ಹಾಯ್ ಹೇಳು, ಮುತ್ತು ಕೊಡು, ಆ ಪದ್ಯ ಹೇಳು" ಎಂದು ಪೀಡಿಸಬೇಡ. ಅದು ಮಾತಲ್ಲ, ಸ್ಕೂಲ್ ಡೇ. ಅವಳು ನೆಲದಲ್ಲಿ ಆಡುತ್ತಿರುವಾಗ ಫೋನನ್ನು ಪಕ್ಕದಲ್ಲಿ ಒರಗಿಸಿ ಇಡು. ಅಜ್ಜಿ ತಮ್ಮ ಪಾಡಿಗೆ ಏನೋ ಕೆಲಸ ಮಾಡುತ್ತಿರಲಿ. ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ಆಯಿತು. ಮನೆಯಲ್ಲಿದ್ದಾಗ ಅಜ್ಜಿ ಮೊಮ್ಮಗಳು ಇಡೀ ದಿನ ಮಾತಾಡುತ್ತಿದ್ದರಾ? ಇಲ್ಲವಲ್ಲ. ನೀನು ಪಕ್ಕದಲ್ಲಿರು, ನಡುವೆ ಬರಬೇಡ. ಅವರಿಬ್ಬರದೇ ಆದ ಏನಾದರೂ ಒಂದು ಹುಟ್ಟಬೇಕು. ಕತೆಯೋ, ಗೊಂಬೆಯನ್ನು ಮಲಗಿಸುವುದೋ, ಬಟ್ಟೆಯ ಹಿಂದೆ ಮುಖ ಮುಚ್ಚುವ ಆಟವೋ. ದಿನವೂ ಅದೇ ಇರಲಿ. ನಿನಗೆ ಬೇಜಾರು ಬಂದರೆ ಅಡುಗೆಮನೆಗೆ ಹೋಗು.

ಕರೆಯ ಸಮಯ ಮಗುವಿಗೆ ಹಸಿವು, ನಿದ್ದೆ ಇಲ್ಲದ ಹೊತ್ತಾಗಿರಲಿ. ನೀನಿರುವ ಕಡೆ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರಾದರೆ ಅದನ್ನು ನಿಮ್ಮಮ್ಮನಿಗೆ ಮೊದಲೇ ಹೇಳು. ಇಲ್ಲದಿದ್ದರೆ ಒಂದು ಗಂಟೆ ಫೋನಿನ ಮುಂದೆ ಕೂತು ಏನಾಯಿತೋ ಎಂದು ಗಾಬರಿಯಾಗುತ್ತಾರೆ.

ಭಾಷೆಯ ವಿಷಯ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಪೆಟ್ಟು ಅದೇ. ಡೇ ಕೇರಿಗೆ ಸೇರಿದ ಮೇಲೆ ಅವಳಿಗೆ ಅಲ್ಲಿನ ಮಾತು ಮೊದಲು ಬಾಯಿಗೆ ಬರುತ್ತದೆ. ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಆಗ ಬಯ್ಯಬೇಡ. ಅಜ್ಜಿಯ ಎದುರು ತಿದ್ದಲೂ ಬೇಡ. ನೀವಿಬ್ಬರೂ ಮನೆಯಲ್ಲಿ ಕನ್ನಡವನ್ನು ಬಿಡಬೇಡಿ, ಅಷ್ಟು ಸಾಕು. ಅಜ್ಜಿಗೆ ಇಂಗ್ಲಿಷ್ ಬರದಿದ್ದರೆ ಅದೊಂದು ಅನುಕೂಲವೇ. ಅವರೊಬ್ಬರ ಜೊತೆಗಾದರೂ ಕನ್ನಡ ಬೇಕೇಬೇಕು ಎಂದಾಗುತ್ತದೆ. ನಮ್ಮ ಮಗ ಇವತ್ತಿಗೂ ಕನ್ನಡ ಮಾತಾಡುತ್ತಾನೆ. ಅದು ನಮ್ಮಮ್ಮನ ಪುಣ್ಯ, ನಮ್ಮದಲ್ಲ. ಹೇಳಿಕೊಳ್ಳಲು ಹೆಮ್ಮೆಯೂ ಇದೆ.

ಅಜ್ಜಿಯ ಜೊತೆ ಇದ್ದ ದಿನಗಳು ದೊಡ್ಡವಳಾದ ಮೇಲೆ ನೆನಪಿರುತ್ತವಾ ಎಂದರೆ, ಬಹುಶಃ ಇಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮೂರು ವರ್ಷದವರಿದ್ದಾಗ ನಡೆದದ್ದನ್ನು ಮಕ್ಕಳು ಎಲ್ಲಿಯವರೆಗೆ ನೆನಪಿಟ್ಟುಕೊಳ್ಳುತ್ತಾರೆ ಎಂದು ಅಮೆರಿಕದ ಪೆಟ್ರಿಷಿಯಾ ಬೌಯರ್ ಎಂಬ ಮನಶ್ಶಾಸ್ತ್ರಜ್ಞೆ ನೋಡಿದ್ದಾರೆ. ಐದರಿಂದ ಏಳು ವರ್ಷದ ಮಕ್ಕಳು ನೂರರಲ್ಲಿ 60 ಅಥವಾ ಅದಕ್ಕಿಂತ ಜಾಸ್ತಿ ಸಂಗತಿ ಹೇಳಿದರು. ಎಂಟು ಒಂಬತ್ತು ವರ್ಷದವರು 40ಕ್ಕಿಂತ ಕಡಿಮೆ. ಅಂದರೆ ಏಳರ ಹೊತ್ತಿಗೆ ಇದ್ದದ್ದು ಎಂಟರ ಹೊತ್ತಿಗೆ ಜಾರುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಕಂಡಿತು. "ಆಮೇಲೆ ಏನಾಯ್ತು? ಇನ್ನೂ ಹೇಳು" ಎಂದು ಮಗುವಿನ ಬಾಯಿಂದಲೇ ಹೇಳಿಸಿದ ತಾಯಂದಿರ ಮಕ್ಕಳ ನೆನಪು ಹೆಚ್ಚು ತುಂಬಿಕೊಂಡಿತ್ತು. ಅಜ್ಜಿಯ ಜೊತೆ ಅಂಗಳದಲ್ಲಿ ಏನು ಮಾಡುತ್ತಿದ್ದೆ ಎಂದು ನೀನೂ ಮಲಗುವಾಗ ಕೇಳು. ತಪ್ಪು ಹೇಳಿದರೂ ಹೇಳಲಿ ಬಿಡು.

ಅಮ್ಮನನ್ನು ಕರೆಸಿಕೊಳ್ಳುವ ವಿಷಯ. ವೀಸಾ ನಿಯಮ ದೇಶಕ್ಕೊಂದು, ವರ್ಷಕ್ಕೊಂದು. ಸರ್ಕಾರದ ವೆಬ್‌ಸೈಟ್ ಬಿಟ್ಟು ಬೇರೆಯವರ ಮಾತು ಕೇಳಬೇಡ, ನನ್ನದೂ ಸೇರಿ. ವಿಮೆ ಮಾಡಿಸುವಾಗ ಮೊದಲಿನಿಂದ ಇರುವ ಕಾಯಿಲೆಗೆ ದುಡ್ಡು ಕೊಡುತ್ತಾರಾ ಎಂದು ಓದಿ ನೋಡು. ಎಷ್ಟೋ ಪಾಲಿಸಿಗಳಲ್ಲಿ ಕೊಡುವುದಿಲ್ಲ.

ಅವರು ಬಂದ ದಿನ ಮಗು ಅಜ್ಜಿಯ ಹತ್ತಿರ ಹೋಗದೆ ನಿನ್ನ ಕಾಲಿನ ಹಿಂದೆ ಅಡಗಬಹುದು. ಬಾಗಿಲಲ್ಲೇ ಎತ್ತಿಕೊಳ್ಳಲು ಹೋಗಬಾರದು ಎಂದು ನಿಮ್ಮಮ್ಮನಿಗೆ ಮೊದಲೇ ಹೇಳಿರು. ಸೋಫಾದ ಮೇಲೆ ಕೂತು, ಚೀಲ ಬಿಚ್ಚುತ್ತಾ, ಫೋನಿನಲ್ಲಿ ಆಡುತ್ತಿದ್ದ ಆಟವನ್ನೇ ತಾವಾಗಿ ಶುರು ಮಾಡಲಿ. ಮಗು ಎರಡು ಹೆಜ್ಜೆ ಬಂದು ನಿಲ್ಲುತ್ತದೆ. ಮಿಕ್ಕದ್ದು ನಿಮ್ಮಮ್ಮನಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಸಹಾಯ ಕೇಳಿಬಿಡು. "ನನಗೇನು ಕಾಲಿಲ್ವಾ" ಎಂದು ಅವರು ಜಗಳ ತೆಗೆಯುತ್ತಾರೆ, ನಮ್ಮಮ್ಮನೂ ತೆಗೆದಿದ್ದಳು. ಕಾಲಿಗಲ್ಲ ಅದು. ವಿಮಾನ ನಿಲ್ದಾಣದಲ್ಲಿ ಗೇಟ್ ಬದಲಾಯಿತು ಎಂದು ಸ್ಪೀಕರಿನಲ್ಲಿ ಹೇಳುವುದು ನನಗೇ ಅರ್ಧ ತಿಳಿಯುವುದಿಲ್ಲ. ಕಿವಿ ಮಂದ ಇದ್ದವರಿಗೆ ಆ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ವೀಲ್‌ಚೇರ್ ತಳ್ಳುವವರು ಕರೆದುಕೊಂಡು ಹೋಗಿ ಸರಿಯಾದ ಗೇಟಿಗೆ ಬಿಡುತ್ತಾರೆ. ಕಿವಿ ಮಿಷನ್ ಹಾಕಿಸಿದ್ದರೆ ಅದನ್ನು ಕೈಚೀಲದಲ್ಲೇ ಇಡಲಿ, ಬ್ಯಾಟರಿಯನ್ನೂ.

ಕಿವಿ ಪರೀಕ್ಷೆಯ ಕಾಗದ ಬಂದ ಮೇಲೆ ಫೋಟೊ ತೆಗೆದು ಕಳಿಸು. ಅದರ ಮೇಲೆ ಎಳೆದಿರುವ ಗೆರೆಗಳನ್ನು ಓದಲು ನನಗೆ ಈಗ ಬರುತ್ತದೆ.